ಎಳ್ಳಮಾವಾಸ್ಯೆಯ ಚೀಸ್ ಬಿಸ್ಕತ್ತು

ಬೇಕರಿ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ಆಗಾಗ ನನ್ನ ಮನೆಗೆ ಬರುತ್ತಾರೆ. ಬಂದವರು ಮೊದಲು ಕೇಳುವುದು ಅಳತೆ. ಚೀಸ್ ಎಷ್ಟು, ಮೈದಾ ಎಷ್ಟು, ಒಲೆಯ ಬಿಸಿ ಎಷ್ಟಿರಬೇಕು. ಹೇಳಿದ್ದನ್ನೆಲ್ಲ ಮೊಬೈಲಿನಲ್ಲಿ ಬರೆದುಕೊಂಡು ಹೋಗುತ್ತಾರೆ. ಹೇಳುವುದಕ್ಕೆ ನನಗೇನೂ ಬೇಸರವಿಲ್ಲ. ಆದರೆ ಮೂವತ್ತೈದು ವರ್ಷ ಭಟ್ಟಿಯ ಮುಂದೆ ನಿಂತ ನನಗೆ ಅಳತೆಯಿಂದಾದ ತೊಂದರೆ ತೀರ ಕಡಿಮೆ. ಆದ ತೊಂದರೆಗಳೆಲ್ಲ ಬೇರೆ ಕಡೆಯಿಂದ ಬಂದವು. ಮೊಬೈಲಿನಲ್ಲಿ ಅದು ಸಿಗುವುದಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಶರಣಪ್ಪ, ಮಸ್ಕಿಯವನು. ನಮ್ಮದು ಲಿಂಗ ಕಟ್ಟುವ ಮನೆತನ. ಅವ್ವ ಬೇಗ ತೀರಿಕೊಂಡಳು. ನನ್ನನ್ನು ಸಾಕಿದವಳು ನನಗಿಂತ ಹನ್ನೆರಡು ವರ್ಷ ದೊಡ್ಡವಳಾದ ಅಕ್ಕ ನೀಲಮ್ಮ. ಲಿಂಗಪೂಜೆ ಆಗದೆ ಗುಟುಕು ನೀರನ್ನೂ ಬಾಯಿಗೆ ಹಾಕದವಳು. ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು ನಾನು ಸಿಂಧನೂರಿನ ಒಂದು ಬೇಕರಿಗೆ ಸೇರಿದೆ. ಆ ಸುದ್ದಿ ಹೇಳಲು ಊರಿಗೆ ಹೋದಾಗ ಅಕ್ಕ ಹಸನು ಮಾಡುತ್ತಿದ್ದ ಜೋಳದ ಮೊರ ಕೆಳಗಿಟ್ಟಳು.

“ಅಲ್ಲಿ ತತ್ತಿ ಒಡೀತಾರೇನು?”

“ಒಡೀತಾರ. ನಾನೂ ಒಡೀಬೇಕಾಗತೈತಿ.”

“ಹಂಗಾರ ನೀ ಮನಿಗಿ ಬಾ. ನೀ ಮಾಡಿದ್ದು ಮಾತ್ರ ತರಬ್ಯಾಡ.”

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು, ಮೊಟ್ಟೆ ನಮ್ಮ ಮನೆಯ ಹೊಸ್ತಿಲು ದಾಟಿದ್ದೇ ಇಲ್ಲ. ಹೊರಡುವಾಗ ಬುತ್ತಿ ಕಟ್ಟಿ ಕೊಟ್ಟಳು. ಆದರೆ ಮಾತೆಂದರೆ ಮಾತು. ಸಿಂಧನೂರಿನ ಅರ್ಧ ಊರು ನನ್ನ ಕೈಯ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ತಿಂದಿತು, ಅಕ್ಕ ಮಾತ್ರ ಒಂದು ಚೂರನ್ನೂ ಮುಟ್ಟಲಿಲ್ಲ. ಮೇಸ್ತ್ರಿಯಾದೆ, ಹೆಡ್ ಮೇಸ್ತ್ರಿಯಾದೆ, ಅದೆಲ್ಲ ಆಗುವ ಹೊತ್ತಿಗೆ ಆಯಿತು. ಈ ಕೆಲಸದಿಂದ ನಾನು ಮನಸಾರೆ ಬಯಸಿದ್ದು ಒಂದೇ: ನಾನು ಬೇಯಿಸಿದ ಒಂದು ಬಿಸ್ಕತ್ತನ್ನು ಅಕ್ಕ ತಿನ್ನಬೇಕು. ಹೇಳಿಕೊಳ್ಳಲು ಸಣ್ಣ ಆಸೆ, ಆದರೆ ಅದು ಇದ್ದದ್ದು ನಿಜ.

ನನ್ನ ಉಸ್ತಾದರು ಖಾಜಾಸಾಬರು. ಆಗಿನದು ಜಾಲಿ ಕಟ್ಟಿಗೆಯ ಭಟ್ಟಿ. ಈಗಿನ ಹಾಗೆ ಗಾಜಿನ ಹಿಂದೆ ಕೆಂಪು ಅಂಕಿ ಮಿನುಗುತ್ತಿರಲಿಲ್ಲ. ಭಟ್ಟಿಯ ಬಾಯಲ್ಲಿ ಕೈ ಹಿಡಿದು ಎಣಿಸಬೇಕಾಗಿತ್ತು.

“ಹತ್ತ ಎಣಿಸೋದ್ರಾಗ ಕೈ ಹಿಂದ ಬಂತಂದ್ರ ಬ್ರೆಡ್ಡಿಗಿ ಬರೋಬರಿ,” ಎನ್ನುತ್ತಿದ್ದರು ಉಸ್ತಾದರು. “ಇಪ್ಪತ್ತ ತಡಕೊಂಡ್ರ ಬಿಸ್ಕೀಟಿಗಿ. ಮೂವತ್ತ ತಡಕೊಂಡ್ರ ಭಟ್ಟಿ ಆರೈತಿ, ಇಲ್ಲಾ ನಿನ್ನ ಕೈ ಸತ್ತೈತಿ.”

ನಮ್ಮ ಕಡೆಯ ಬೇಕರಿಗಳಲ್ಲಿ ಒಂದು ಪದ್ಧತಿ ಇತ್ತು, ಕೆಲವು ಕಡೆ ಇನ್ನೂ ಇದೆ. ರಂಜಾನ್, ದೀಪಾವಳಿ, ಕ್ರಿಸ್‌ಮಸ್ಸು, ಮದುವೆ, ಏನೇ ಬಂದರೂ ಮನೆಯವರೇ ಮೈದಾ, ತುಪ್ಪ, ಸಕ್ಕರೆ ಹೊತ್ತು ತರುವುದು. ನಾವು ಕಲಸಿ ಬೇಯಿಸಿ ಅವರ ಡಬ್ಬಿಯಲ್ಲೇ ತುಂಬಿ ಕೊಡುವುದು. ಇದಕ್ಕೆ ‘ಮನಿ ಸಾಮಾನು’ ಎಂದು ಹೆಸರು. ತಂದವರು ಭಟ್ಟಿಯ ಎದುರು ಕುರ್ಚಿ ಹಾಕಿಕೊಂಡು ಕೊನೆಯ ತಟ್ಟೆ ಹೊರಗೆ ಬರುವವರೆಗೂ ಕೂತಿರುತ್ತಿದ್ದರು. ಅಪನಂಬಿಕೆ ಎಂದು ತಿಳಿಯಬೇಡಿ, ಅದೂ ಹಬ್ಬದ ಒಂದು ಭಾಗ. ಉಸ್ತಾದರ ಕಟ್ಟುನಿಟ್ಟು ಎರಡು. ಮೊಟ್ಟೆ ಬೇಡ ಎಂದವರ ಸಾಮಾನು ಮೊದಲು ಬೇಯಬೇಕು, ಮೊಟ್ಟೆಯದು ಆಮೇಲೆ. ಬಿಸ್ಕತ್ತಿನ ಮೇಲೆ ಸವರುವ ಮೊಟ್ಟೆಗೆ ಪಿಂಗಾಣಿಯ ಚೀನಿ ಬಟ್ಟಲು, ಹಾಲಿಗೆ ಸ್ಟೀಲ್ ಬಟ್ಟಲು. ಈ ಎರಡನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಚೀಸ್ ಬಿಸ್ಕತ್ತನ್ನು ನಮಗೆ ತಂದುಕೊಟ್ಟವರು ಲೂರ್ದಮ್ಮ ಟೀಚರ್. ಮುದಗಲ್ಲಿನವರು, ಸಿಂಧನೂರಿನಲ್ಲಿ ಪಾಠ ಹೇಳುತ್ತಿದ್ದರು. ಕ್ರಿಸ್‌ಮಸ್ಸಿಗೆ ಊರಿಗೆ ಹೋಗುವಾಗ ಬಂಧುಗಳಿಗೆ ಕೊಡಲು ಒಂದು ವರ್ಷ ಚೀಸಿನ ಡಬ್ಬಿ, ಕೈಯಲ್ಲಿ ಬರೆದ ಒಂದು ಚೀಟಿ ಹಿಡಿದು ಬಂದರು. ನಾನು ಚೀಟಿಯನ್ನು ಪೂರ್ತಿ ಓದಲಿಲ್ಲ. ಖಾರಾ ಬಿಸ್ಕತ್ತು ಮಾಡಿ ಮಾಡಿ ಕೈ ಪಳಗಿತ್ತು, ಅದೇ ಕೈಯಲ್ಲಿ ಹಿಟ್ಟಿಗೆ ಉಪ್ಪು ಹಾಕಿದೆ. ಚೀಸಿನಲ್ಲೇ ಉಪ್ಪಿರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಟೀಚರು ಒಂದು ಕಚ್ಚಿ ಮುಖ ಕಿವುಚಿದರು. “ಮೇಸ್ತ್ರಿ, ಇದನ್ನ ತಿಂದ್ರ ನಮ್ಮ ಮಂದಿ ಹಬ್ಬದ ದಿನ ಬಾವಿ ಹುಡುಕ್ಕೋತ ಹೋಗ್ತಾರ್ರಿ!” ಉಸ್ತಾದರು ಬೈಯಲಿಲ್ಲ. ಅವತ್ತು ಮಧ್ಯಾಹ್ನದ ಚಹಾಕ್ಕೆ ಅದೇ ಬಿಸ್ಕತ್ತು ನಾಲ್ಕು ಕೊಟ್ಟು, ಪೂರ್ತಿ ತಿನ್ನುವವರೆಗೂ ಎದುರಿಗೇ ನಿಂತರು.

ಆಮೇಲೆ ಕಲಿತೆ. ಖಾರದ್ದಕ್ಕೆ ಚೀಸನ್ನು ಸಣ್ಣಗೆ ತುರಿದು, ಅಜವಾನ, ಕುಟ್ಟಿದ ಮೆಣಸು ಸೇರಿಸಿ, ಮೇಲೊಂದಿಷ್ಟು ಗುರೆಳ್ಳು ಉದುರಿಸುವುದು. ಸಿಹಿಯದ್ದಕ್ಕೆ ಚೀಸಿನ ಜೊತೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು, ಸಕ್ಕರೆ ಪುಡಿ, ಏಲಕ್ಕಿ. ಸಿಂಧನೂರಿನ ಸೆಕೆಗೆ ಹಿಟ್ಟು ಕೈಯಲ್ಲೇ ಎಣ್ಣೆ ಬಿಡುತ್ತದೆ. ಹಾಗಾಗಿ ಬೆಳಗಿನ ತಂಪಿನಲ್ಲೇ ಕಲಸಿ, ಪಾತ್ರೆಯನ್ನು ಐಸಿನ ಮೇಲೆ ಇಡಬೇಕು. ಚೀಸು ಬೇಗ ಕಂದುತ್ತದೆ, ಬಿಸಿ ಕಡಿಮೆ ಇರಲಿ. ಅಳತೆ ಬೇಕೆಂದವರಿಗೆ ಇಷ್ಟು ಸಾಕು.

ಕಟ್ಟಿಗೆ ಹೋಗಿ ಡೀಸೆಲ್ ಒಲೆ ಬಂತು, ಡೀಸೆಲ್ ಹೋಗಿ ಕರೆಂಟಿನ ಓವನ್ ಬಂತು. ಉಸ್ತಾದರಿಗೆ ವಯಸ್ಸಾಗಿ ಕೆಲಸ ನನ್ನ ಕೈಗೆ ಬಂತು. ಅವರು ದಿನಾ ಬೆಳಿಗ್ಗೆ ಬಂದು ಬಾಗಿಲ ಬಳಿ ಕೂರುತ್ತಿದ್ದರು. ಆ ಕಾಲದಲ್ಲೇ ಗೌರಮ್ಮನವರು ಬಂದದ್ದು.

ಗೌರಮ್ಮನವರು ಸಿಂಧನೂರಿನ ಅಕ್ಕಿ ವ್ಯಾಪಾರಿಯ ಹೆಂಡತಿ, ನನ್ನ ಅಕ್ಕನಷ್ಟೇ ಶಿವಭಕ್ತೆ. ಗಂಡನ ಮೂಲ ಊರು ಪಾಮನಕಲ್ಲೂರು. ಅಲ್ಲಿನ ಹೊಲದಲ್ಲಿ ಎಳ್ಳಮಾವಾಸ್ಯೆಯ ದಿನ ಚರಗ ಚೆಲ್ಲಿ, ಅಂದರೆ ಭೂಮಿತಾಯಿಯ ಎಡೆಯನ್ನು ಬೆಳೆಯ ಮೇಲೆ ಎರಚಿ, ಊರಿನವರನ್ನು ಕರೆದು ಊಟಕ್ಕೆ ಹಾಕುವುದು ಅವರ ಮನೆಯ ರೂಢಿ. ಬಂದ ಅತಿಥಿಗಳಿಗೆ ಒಂದೊಂದು ಬಿಸ್ಕತ್ತಿನ ಡಬ್ಬಿ ಕೊಡಬೇಕೆಂದು ಅವರಿಗೆ ಆಸೆಯಾಯಿತು. ಮೊಮ್ಮಗಳು ಲೂರ್ದಮ್ಮ ಟೀಚರ ಹತ್ತಿರ ಓದುತ್ತಿದ್ದಳು. ಕ್ರಿಸ್‌ಮಸ್ಸಿನ ಚೀಸ್ ಬಿಸ್ಕತ್ತಿನ ವಾಸನೆ ಹಿಡಿದು ಬಂದು ಅಜ್ಜಿಗೆ ಹೇಳಿದ್ದಳಂತೆ. ಬರೀ ವಾಸನೆ ಹಿಡಿದಳೋ, ತಿಂದೂ ಬಂದಳೋ, ನಾನು ಕೇಳಲಿಲ್ಲ.

ಮೊದಲ ದಿನ ನಾನು ಚೀಸಿನ ಹೊದಿಕೆ ಬಿಚ್ಚಿ ಎಸೆದಿದ್ದೆ. ಗೌರಮ್ಮ ಕುರ್ಚಿಯಿಂದ ಎದ್ದರು.

“ಹಸರ ಚುಕ್ಕಿ ತೋರ್ಸು.”

“ಹೊದಿಕಿ ಒಗದೀನ್ರಿ ಅಮ್ಮಾರ.”

“ಹುಡುಕಿ ತಾ. ಚುಕ್ಕಿ ನೋಡದ ನಾ ಕುಂದ್ರಂಗಿಲ್ಲ.”

ಕಸದ ಬುಟ್ಟಿ ಕೆದಕಿ ಹೊದಿಕೆ ತಂದು, ಒರೆಸಿ ತೋರಿಸಿದೆ. ಸಸ್ಯಾಹಾರದ ಗುರುತಾದ ಹಸಿರು ಚುಕ್ಕಿ ಕಂಡ ಮೇಲೆ ಕೂತರು. ಅಲ್ಲಿಂದ ಮೂರು ವರ್ಷ ಸತತವಾಗಿ ಬಂದರು. ಮೂರನೆಯ ವರ್ಷ ಪಾಮನಕಲ್ಲೂರಿನ ಒಂದು ಮದುವೆಯಲ್ಲಿ ನನ್ನ ಅಕ್ಕ ಅವರಿಗೆ ಸಿಕ್ಕಳು. “ನಿನ್ನ ತಮ್ಮನ ಕೈ ಭಾಳ ಶುದ್ಧ ಐತಿ ನೀಲಮ್ಮ. ನಾ ಎದುರಿಗೆ ಕುಂತು ನೋಡೀನಿ,” ಎಂದರಂತೆ. ಮುಂದಿನ ಸಲ ಮಸ್ಕಿಗೆ ಹೋದಾಗ ಅಕ್ಕ ರೊಟ್ಟಿ ತಟ್ಟುತ್ತಲೇ ಅಂದಳು: “ಈ ಎಳ್ಳಮಾಸಿಗಿ ಗೌರಮ್ಮನ ಬಿಸ್ಕೀಟ ಮಾಡ್ತಿಯಲ್ಲ, ಅದರಾಗ ಒಂದ ನನಗೂ ತಾ. ನೋಡೂಣು.”

ನಾನು ಹೂಂ ಎಂದೆನಷ್ಟೆ. ಹೊರಗೆ ಬಂದು ಬಸ್ ಸ್ಟ್ಯಾಂಡಿನವರೆಗೂ ಒಬ್ಬನೇ ನಗುತ್ತಾ ನಡೆದೆ.

ಆ ವರ್ಷ ಎಳ್ಳಮಾವಾಸ್ಯೆ ಕ್ರಿಸ್‌ಮಸ್ಸಿನ ಹಿಂದುಮುಂದೆಯೇ ಬಿತ್ತು. ಗೌರಮ್ಮನವರ ಸಾಮಾನು, ಟೀಚರ ಸಾಮಾನು ಎರಡೂ ಒಂದೇ ದಿನ ಬಂದವು. ಜೊತೆಗೆ ಮಧ್ಯಾಹ್ನ ಮೂರಕ್ಕೆ ಕರೆಂಟು ಹೋಗುತ್ತದೆಂದು ಬೆಳಿಗ್ಗೆಯೇ ಹೇಳಿದ್ದರು. ಒಂದಾದ ಮೇಲೆ ಒಂದು ಬೇಯಿಸಲು ಹೊತ್ತು ಸಾಲದು ಎಂದು ಎರಡೂ ಮನೆಯ ತಟ್ಟೆಗಳನ್ನು ಒಟ್ಟಿಗೇ ಜೋಡಿಸಿದೆ. ಉಸ್ತಾದರ ಮೊದಲ ಕಟ್ಟುನಿಟ್ಟು ಅಲ್ಲಿಗೆ ಮುರಿಯಿತು. ಚೀನಿ ಬಟ್ಟಲು ಹಿಂದಿನ ವಾರ ಒಡೆದಿತ್ತು, ಹೊಸದು ತಂದಿರಲಿಲ್ಲ. ಟೀಚರ ಬಿಸ್ಕತ್ತಿಗೆ ಸವರುವ ಮೊಟ್ಟೆಯ ಹಳದಿಗೆ ಹಾಲು ಬೆರೆಸಿ ಒಂದು ಸ್ಟೀಲ್ ಬಟ್ಟಲಿನಲ್ಲಿಟ್ಟೆ. ಎರಡನೆಯದೂ ಮುರಿಯಿತು. ಗೌರಮ್ಮ ಆ ಸಲ ಹಾಲಿಗೆ ಹಾಕಲು ಕೇಸರಿ ತಂದಿದ್ದರು. ಕೇಸರಿ ಹಾಲು ಇನ್ನೊಂದು ಸ್ಟೀಲ್ ಬಟ್ಟಲಿನಲ್ಲಿ ಕೂತಿತು. ಎರಡೂ ಹಳದಿ, ಎರಡರಲ್ಲೂ ಒಂದೊಂದು ಬ್ರಷ್ಷು.

ಗೌರಮ್ಮ ಎದುರಿಗೇ ಕೂತಿದ್ದರು. ಅವರ ಕಣ್ಣ ಮುಂದೆಯೇ ನಾನು ಸರಸರ ಸವರಿದೆ. ಅವರಿಗೂ ಹಳದಿ ಕಂಡಿತು, ನನಗೂ ಹಳದಿಯೇ ಕಂಡಿತು.

ಕರೆಂಟು ಹೋಗುವ ಮೊದಲೇ ತಟ್ಟೆಗಳು ಹೊರಗೆ ಬಂದವು. ಗೌರಮ್ಮ ತಾವೇ ಡಬ್ಬಿ ತುಂಬಿಸಿದರು. “ಈ ಸಲ ಎಂಥಾ ಹೊಳಪ ಬಂದೈತಿ ನೋಡು! ಕೇಸರಿ ಗುಣ,” ಎಂದು ಹಿಗ್ಗಿದರು. ಅವರ ಹಿಗ್ಗು ಕಂಡು ನಾನೂ ಹಿಗ್ಗಿದೆ. ಹೊರಡುವಾಗ ಒಂದು ಡಬ್ಬಿಯನ್ನು ನನ್ನ ಕೈಗಿಟ್ಟರು. “ಇದು ನೀಲಮ್ಮಗ. ನಾ ಕೊಟ್ಟೀನಿ ಅಂತ ಹೇಳು.”

ಮರುದಿನವೇ ಅಮಾವಾಸ್ಯೆ. ನನಗೆ ರಜೆ. ಮಸ್ಕಿಗೆ ಹೋಗುವ ಮೊದಲು ಟೀಚರ ಡಬ್ಬಿ ಕೊಡಬೇಕೆಂದು ಬೇಕರಿಗೆ ಬಂದಿದ್ದೆ. ಲೂರ್ದಮ್ಮ ಟೀಚರು ಬ್ಯಾಗು ಹಿಡಿದು, ಲಿಂಗಸುಗೂರು ಬಸ್ಸು ಹಿಡಿಯುವ ಅವಸರದಲ್ಲೇ ಬಂದರು. ಡಬ್ಬಿ ತೆರೆದು ನೋಡಿದರು.

“ಯಾಕ್ರೀ ಮೇಸ್ತ್ರಿ, ಈ ಸಲ ಮಂಕಾಗ್ಯಾವಲ್ಲ? ತತ್ತಿ ಹಚ್ಚೋದು ಮರತ್ರೇನು?”

“ಇಲ್ರಿ ಟೀಚರ್, ಹಚ್ಚೀನಿ.”

ಅವರು ಒಂದನ್ನು ಮುರಿದು ಮೂಗಿನ ಹತ್ತಿರ ಹಿಡಿದರು. “ಕೇಸರಿ ವಾಸನಿ ಬರಾಕತ್ತೈತಲ್ರಿ.”

ನಿನ್ನೆಯ ಎರಡು ಸ್ಟೀಲ್ ಬಟ್ಟಲುಗಳು ಕಣ್ಣ ಮುಂದೆ ಬಂದವು. ಟೀಚರು ಜಾಣೆ, ನನ್ನ ಮುಖ ನೋಡಿಯೇ ತಿಳಿದುಕೊಂಡರು. “ಹಂಗಾರ ನನ್ನ ತತ್ತಿ ಎಲ್ಲಿ ಹೋತು?” ಎಂದವರು ಬಾಯ ಮೇಲೆ ಕೈ ಇಟ್ಟುಕೊಂಡರು. ಅವರಿಗೆ ನಷ್ಟವೇನೂ ಆಗಿರಲಿಲ್ಲ. ಹೋಗುವಾಗ, “ನಿಮ್ಮ ಸಲುವಾಗಿ ಪ್ರಾರ್ಥನಾ ಮಾಡ್ತೀನ್ರಿ ಮೇಸ್ತ್ರಿ,” ಎಂದು ಹೇಳಿ ಹೋದರು.

ಮಾಲಕರು ಗಲ್ಲಾದಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದರು. ಕೆಟ್ಟವರಲ್ಲ, ಅಂಗಡಿ ನಡೆಸುವವರು. “ಬೆಂದ ಮ್ಯಾಲ ತತ್ತಿ ಯಾವುದು, ಹಾಲ ಯಾವುದು ಅಂತ ಯಾರ ಕಂಡಾರ? ಸುಮ್ನಿರ್ರಿ. ನೀವು ಹೋಗಿ ಹೇಳಿದ್ರ ನಾಳಿಂದ ಒಬ್ಬರೂ ಮನಿ ಸಾಮಾನ ತರಂಗಿಲ್ಲ.”

ನಾನು ಬಾಗಿಲ ಬಳಿ ಕೂತಿದ್ದ ಉಸ್ತಾದರ ಕಡೆ ನೋಡಿದೆ.

“ಮಾಲಕ್ರು ಹೇಳೋದು ಖರೇ ಐತಿ,” ಎಂದರು ಉಸ್ತಾದರು. “ಯಾರಿಗೂ ಗೊತ್ತಾಗಂಗಿಲ್ಲ.” ಆಮೇಲೆ ತಲೆ ಎತ್ತಿದರು. “ಮತ್ತ ನನ್ನ ಮಾರಿ ಏನ್ ನೋಡ್ತಿ ಲೇ ಶರಣ್ಯಾ? ಮಸ್ಕಿ ಬಸ್ಸ ನಿಂತೈತಿ, ಹೋಗು.”

ಬಸ್ಸಿನಲ್ಲಿ ಅಕ್ಕನ ಡಬ್ಬಿ ನನ್ನ ತೊಡೆಯ ಮೇಲಿತ್ತು. ಒಳಗಿನ ಸುದ್ದಿ ಹೇಳಿಬಿಡುತ್ತೇನೆ, ನಾನು ಅಂಥ ಧೀರನೇನೂ ಅಲ್ಲ. ಮಸ್ಕಿಯಲ್ಲೇ ಇಳಿದು ಡಬ್ಬಿಯನ್ನು ಅಕ್ಕನ ಕೈಗೆ ಕೊಟ್ಟುಬಿಟ್ಟರೆ? ಅವಳು ತಿನ್ನುತ್ತಾಳೆ. ನಾನು ನೋಡುತ್ತೇನೆ. ಆಮೇಲೆ ಪಾಮನಕಲ್ಲೂರಿಗೆ ಹೋದರಾಯಿತು, ಹೋಗದಿದ್ದರೂ ಆಯಿತು. ಇಷ್ಟು ವರ್ಷ ಕಾದವನು ನಾನು. ಪಾಮನಕಲ್ಲೂರಿಗೆ ಹೋಗಿ ಹೇಳಿದರೆ ಸಂಜೆಯೊಳಗೆ ಮಾತು ಮಸ್ಕಿ ಮುಟ್ಟುತ್ತದೆ, ಅಕ್ಕ ಇನ್ನು ಜನ್ಮದಲ್ಲಿ ನನ್ನ ಬಿಸ್ಕತ್ತು ಮುಟ್ಟುವುದಿಲ್ಲ. ಇದು ನನಗೆ ಖಚಿತವಾಗಿತ್ತು. ಮಸ್ಕಿ ಬಂತು. ಇಳಿದೆ. ಅಕ್ಕನ ಓಣಿಯ ಕಡೆ ನಾಲ್ಕು ಹೆಜ್ಜೆ ಇಟ್ಟದ್ದೂ ಉಂಟು. ಡಬ್ಬಿಯೊಳಗೆ ಬಿಸ್ಕತ್ತುಗಳು ಅಲುಗಾಡಿ ಸದ್ದು ಮಾಡಿದವು. ಅಕ್ಕ ಬೆಳಗಿನ ಪೂಜೆ ಮುಗಿಸಿ ಕೂತಿರುತ್ತಾಳೆ ಎಂಬುದು ನೆನಪಾಯಿತು. ತಿರುಗಿ ಬಂದು ಪಾಮನಕಲ್ಲೂರಿನ ಟಂಟಂ ಆಟೋ ಹತ್ತಿದೆ.

ಹೊಲದಲ್ಲಿ ಚರಗ ಮುಗಿದಿತ್ತು. ಎದೆಮಟ್ಟ ಬೆಳೆದ ಜೋಳದ ನಡುವೆ, ಬನ್ನಿ ಗಿಡದ ಕೆಳಗೆ ಜಮಖಾನೆ ಹಾಸಿ ಜನ ಊಟಕ್ಕೆ ಕೂತಿದ್ದರು. ಬಿಸ್ಕತ್ತಿನ ಡಬ್ಬಿಗಳು ಜೀಪಿನಲ್ಲೇ ಇದ್ದವು. ಊಟವಾದ ಮೇಲೆ ಹಂಚುವುದಿತ್ತು. ಗೌರಮ್ಮ ನನ್ನನ್ನು ಕಂಡು ಸಂತೋಷದಿಂದಲೇ ಎದ್ದು ಬಂದರು. ನಾನು ಅವರನ್ನು ಜೀಪಿನ ಮರೆಗೆ ಕರೆದು, ಸುತ್ತಿ ಬಳಸದೆ ಹೇಳಿದೆ.

“ತಪ್ಪಾಗೈತ್ರಿ ಅಮ್ಮಾರ. ಬಟ್ಟಲ ಅದಲಾಬದಲಾಗ್ಯಾವು. ನಿಮ್ಮ ಬಿಸ್ಕೀಟಿಗಿ ತತ್ತಿ ಹಚ್ಚೀನಿ.”

ಅವರಿಗೆ ಕೂಡಲೇ ಅರ್ಥವಾಗಲಿಲ್ಲ. ಅರ್ಥವಾದಾಗ ಮುಖದ ಬಣ್ಣವೇ ಹೋಯಿತು.

“ಮುಂಜಾನಿ ಪೂಜಿ ಮಾಡಿ ಒಂದ ತಿಂದೀನಲ್ಲೋ,” ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ನೀರಿನ ಕೊಡದ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿದರು, ಮತ್ತೆ ಮುಕ್ಕಳಿಸಿದರು. ನಾನು ನೆಲ ನೋಡುತ್ತಾ ನಿಂತಿದ್ದೆ. ವಾಪಸು ಬಂದು ಡಬ್ಬಿಗಳನ್ನೆಲ್ಲ ಚೀಲಕ್ಕೆ ತುಂಬಿ ನನ್ನ ಕಡೆ ಸರಿಸಿದರು.

“ಇನ್ನ ಮ್ಯಾಲ ನಾ ನಿಮ್ಮ ಬೇಕರಿಗಿ ಬರಂಗಿಲ್ಲ.”

“ಆತ್ರಿ.”

ಚೀಲ ಹೊತ್ತು ಹೊರಟೆ. ಹತ್ತು ಹೆಜ್ಜೆ ಹೋಗಿರಬೇಕು.

“ಏ ಶರಣಪ್ಪ, ಉಣ್ಣದ ಎಲ್ಲಿ ಹೊಂಟಿ? ಎಳ್ಳಮಾಸಿ ದಿನ ಹೊಲಕ್ಕ ಬಂದವರು ಹಸಕೊಂಡ ಹೋಗಬಾರದು.”

ನನ್ನ ಮುಖ ನೋಡದೆಯೇ ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಬಡಿಸಿದರು. ಮೇಲೆ ತುಪ್ಪವನ್ನೂ ಹಾಕಿದರು. ಕಣ್ಣಲ್ಲಿ ನೀರು ಬಂತು, ಮೆಣಸಿನಕಾಯಿ ಖಾರ ಎಂದು ಪಕ್ಕದವರಿಗೆ ಹೇಳಿದೆ.

ಮಸ್ಕಿಗೆ ಬಂದಾಗ ಅಕ್ಕ ಹೊಸ್ತಿಲಲ್ಲಿ ಕೂತಿದ್ದಳು. ಕಾಯುತ್ತಿದ್ದಳು ಎಂಬುದು ನೋಡಿದರೇ ತಿಳಿಯುತ್ತಿತ್ತು.

“ಎಲ್ಲೈತಿ ನನ್ನ ಡಬ್ಬಿ?”

“ಐತಿ. ಆದ್ರ ನೀ ತಿನ್ನಂಗಿಲ್ಲಕ್ಕ.” ಹೊಸ್ತಿಲ ಹೊರಗೇ ನಿಂತು ಎಲ್ಲ ಹೇಳಿದೆ. ಬಟ್ಟಲು, ಕೇಸರಿ, ಹೊಲ, ಗೌರಮ್ಮ ಬಾಯಿ ಮುಕ್ಕಳಿಸಿದ್ದು.

ಅಕ್ಕ ನನ್ನ ಕೈಯ ಚೀಲದ ಕಡೆ ನೋಡಿದಳು.

“ಗೌರಮ್ಮ ತಾನ ಕಂಡ ಹಿಡಿದ್ಲೇನು?”

“ಇಲ್ಲ.”

“ಮತ್ತ ಯಾರರ ನಿನ್ನ ಕೇಳಿದ್ರೇನು?”

“ಯಾರೂ ಕೇಳಿಲ್ಲ.”

“ನೀನ ಹೋಗಿ ಹೇಳಿದಿ?”

“ಹೂಂ.”

“ಚೀಲ ಅಲ್ಲೇ ಇಟ್ಟು ಕೈಕಾಲ ತೊಳಕೊಂಡು ಬಾ,” ಎಂದಳು. ಅಷ್ಟೇ. ಅವತ್ತು ಬಿಸ್ಕತ್ತಿನ ಮಾತು ಮತ್ತೆ ಬರಲಿಲ್ಲ. ಆ ಡಬ್ಬಿಗಳನ್ನು ವಾಪಸು ಒಯ್ದು ಬೇಕರಿಯವರಿಗೆ ಹಂಚಿದೆ. ಮರುದಿನವೇ ಚೀನಿ ಬಟ್ಟಲು ತಂದೆ, ಒಂದಲ್ಲ, ಎರಡು.

ಸಂಕ್ರಾಂತಿಗೆ ಊರಿಗೆ ಹೋಗುವ ಮುಂಚಿನ ದಿನ ಅಕ್ಕ ಫೋನು ಮಾಡಿಸಿದಳು. “ಬರೂ ಮುಂದ ಆ ಬಿಸ್ಕೀಟ ಮಾಡಕೊಂಡ ಬಾ. ಖಾರದ್ದು.” ನಾನು ನಂಬಲಿಲ್ಲ, ಎರಡು ಸಲ ಕೇಳಿದೆ. ಅಂದು ಭಟ್ಟಿಯಲ್ಲಿ ಮೊಟ್ಟಮೊದಲು ಬೆಂದದ್ದು ಅಕ್ಕನ ತಟ್ಟೆ.

ಅಕ್ಕ ಡಬ್ಬಿ ತೆರೆದಳು. ಹಸಿರು ಚುಕ್ಕಿ ಕೇಳಲಿಲ್ಲ, ಯಾರು ಎದುರಿಗೆ ಕೂತಿದ್ದರೆಂದೂ ಕೇಳಲಿಲ್ಲ.

“ತತ್ತಿ ಐತೇನು?”

“ಇಲ್ಲಕ್ಕ.”

“ನೀ ಇಲ್ಲ ಅಂದ್ರ ಇಲ್ಲ,” ಎಂದು ಒಂದನ್ನು ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು. ಅವಳ ದವಡೆ ಆಡುವುದನ್ನೇ ನೋಡುತ್ತಾ ಕೂತೆ. “ಉಪ್ಪ ಒಂದೀಟ ಮುಂದಾಗೈತಿ,” ಎಂದು ಇನ್ನೊಂದು ತೆಗೆದುಕೊಂಡಳು. ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ? ಹಿತ್ತಲಿಗೆ ಹೋಗಿ ಸುಮ್ಮನೆ ಮುಖ ತೊಳೆದು ಬಂದೆ.

ಬರುವ ಹೊತ್ತಿಗೆ ಅಕ್ಕ ಉಳಿದ ಬಿಸ್ಕತ್ತುಗಳಲ್ಲಿ ಅರ್ಧವನ್ನು ಒಗೆದ ಬಟ್ಟೆಯಲ್ಲಿ ಕಟ್ಟುತ್ತಿದ್ದಳು.

“ಯಾರಿಗಕ್ಕ ಅದು?”

“ಗೌರಮ್ಮಗ. ನಾಡಿದ್ದ ಪಾಮನಕಲ್ಲೂರಿಗಿ ಬರ್ತಾಳಂತ. ಆವತ್ತ ನಿನ್ನ ಸಲುವಾಗಿ ಆಕಿ ನನಗ ಹೇಳಿದ್ಲು. ಈಗ ನಾ ಹೋಗಿ ಆಕಿಗಿ ಹೇಳ್ತೀನಿ, ನಾ ತಿಂದೀನಿ ಅಂತ.”

ಗೌರಮ್ಮ ಏನೆಂದರೋ ಅಕ್ಕ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ವರ್ಷ ಕಳೆಯಿತು. ಎಳ್ಳಮಾವಾಸ್ಯೆಗೆ ನಾಲ್ಕು ದಿನ ಇದೆ ಎನ್ನುವಾಗ ಬೆಳಿಗ್ಗೆ ಹಿಟ್ಟು ಕಲಸುತ್ತಿದ್ದೆ. ಹಿಂದೆ ಕುರ್ಚಿ ಎಳೆದ ಸದ್ದಾಯಿತು. ತಿರುಗಿ ನೋಡಿದರೆ ಗೌರಮ್ಮ. ಮೈದಾ, ತುಪ್ಪ, ಹೊದಿಕೆ ಬಿಚ್ಚದ ಚೀಸು, ಒಂದು ತಂಬಿಗೆ ಹಾಲು, ಒಂದೊಂದಾಗಿ ಮೇಜಿನ ಮೇಲೆ ಇಟ್ಟರು. ಕೇಸರಿ ಇರಲಿಲ್ಲ.

“ಈ ಸಲ ಬರೇ ಹಾಲ ಹಚ್ಚಪಾ,” ಎಂದು ಸೆರಗು ಸರಿಮಾಡಿಕೊಂಡು ಕೂತರು. “ಹೊಳಪ ಬ್ಯಾಡ ನನಗ.”